ಕೊಡದೊಳಗಿನ ನೀರಿನ ಗೆರೆ

ಗೂಡಲೂರಿನ ನಮ್ಮ ಡ್ರಾಯಿಂಗ್ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಅವರ ಪ್ರಾಯದ ದಿನಗಳನ್ನು ಕಣ್ಣಾರೆ ಕಂಡವರಲ್ಲಿ ಹಲ್ಲು ಹೋಗಿ ನಾಲಗೆ ಮಾತ್ರ ಗಟ್ಟಿಯಾಗಿ ಉಳಿದಿರುವವನು ನಾನೊಬ್ಬನೇ. ಹಾಗಾಗಿ ನಾಲ್ಕು ಮಾತು ಬರೆಯುವ ಹಕ್ಕು ನನಗೇ ಸೇರಿದ್ದು. ಬೇರೆ ಯಾರಾದರೂ ಬರೆದರೆ ಅವರನ್ನು ಶಾಂತಮೂರ್ತಿ ಎಂದು ಕರೆದುಬಿಡುವ ಅಪಾಯವಿದೆ. ಶಾಂತಿಗೂ ಅವರಿಗೂ ಮುಖಪರಿಚಯ ಕೂಡ ಇರಲಿಲ್ಲ. ಮಳೆ ಬಂದರೆ ಕಾಗದ ಒದ್ದೆಯಾದೀತೆಂದು ಹೆದರುತ್ತಿದ್ದರು, ಬಾರದಿದ್ದರೆ ಧೂಳು ಕೂತೀತೆಂದು. ಪೆನ್ಸಿಲ್ ಚೂಪಾಗಿದ್ದರೆ ಮುರಿಯುವ ಭಯ, ಮೊಂಡಾಗಿದ್ದರೆ ಗೆರೆ ದಪ್ಪಗಾಗುವ ಭಯ. ಯಾರಾದರೂ ನಗುತ್ತಾ ಎದುರು ಬಂದರೆ, ತಮ್ಮಿಂದ ಏನೋ ಎಡವಟ್ಟಾಗಿದೆ ಎಂದುಕೊಂಡು ಪಂಚೆ ಸರಿಮಾಡಿಕೊಳ್ಳುತ್ತಿದ್ದರು. ಆ ನಗುವವನು ಬಹಳ ಸಲ ನಾನೇ ಆಗಿರುತ್ತಿದ್ದೆನಾದ್ದರಿಂದ ಅವರ ಅನುಮಾನವನ್ನು ತಪ್ಪೆನ್ನಲಾರೆ.

ಆಗ ಮೇಲೆ ಘಟ್ಟದಲ್ಲಿ ದೊಡ್ಡ ಅಣೆ ಕಟ್ಟುತ್ತಿದ್ದರು. ನಮ್ಮೂರ ಬೀದಿಯಲ್ಲಿ ಹಗಲೆಲ್ಲ ಸುಣ್ಣದ ಗಾಡಿ, ಕಬ್ಬಿಣದ ಗಾಡಿ. ಅಲ್ಲಿಯ ಆಫೀಸಿನಲ್ಲಿ ನಕ್ಷೆಗಳ ನಕಲು ತೆಗೆಯುವವರು ಬೇಕಾಗಿದ್ದಾರೆಂದೂ ಅದಕ್ಕೆ ಸರ್ಕಾರದ ಫ್ರೀಹ್ಯಾಂಡ್ ಪರೀಕ್ಷೆ ಪಾಸಾಗಿರಬೇಕೆಂದೂ ಸುದ್ದಿ ಬಂತು. ಅಂದರೆ ಅಳತೆಪಟ್ಟಿ, ಕೈವಾರ ಮುಟ್ಟದೆ ಬರೀ ಕೈಯಲ್ಲಿ ಚಿತ್ರ ಬರೆಯುವುದು. ಉಳುವವರ ಮನೆಯಲ್ಲಿ ಹುಟ್ಟಿ ಉಳಲು ಮನಸ್ಸಿಲ್ಲದ ನನ್ನಂಥವರಿಗೆ ಇದು ಸ್ವರ್ಗದ ಬಾಗಿಲು. ಊರಿನ ಶಾಲೆಯವರು ಒಂದು ಡ್ರಾಯಿಂಗ್ ತರಗತಿ ತೆರೆದರು. ಕಲಿಸಲು, ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ಕನ್ನಡ ಜನದವರೇ ಆದ, ದಿಂಡಿಗಲ್ಲಿನಲ್ಲಿ ಓದಿ ಬಂದಿದ್ದ ಈ ಮನುಷ್ಯನನ್ನು ಇಟ್ಟುಕೊಂಡರು. ಇಟ್ಟುಕೊಂಡದ್ದು ತಾತ್ಕಾಲಿಕವಾಗಿ. ಯಾಕೆಂದರೆ ಮೇಲಿನ ದರ್ಜೆಯ ಪರೀಕ್ಷೆಯಲ್ಲಿ ಅವರೇ ಎರಡು ಸಲ ಫೇಲಾಗಿದ್ದರು. ಮುಂದಿನ ಸಲವೂ ಫೇಲಾದರೆ ಮಧುರೆಯಿಂದ ಬೇರೆಯವನು ಬರುತ್ತಾನೆ, ನೀನು ನಿನ್ನ ಅಣ್ಣನ ನೇಗಿಲ ಹಿಂದೆ ಹೋಗು ಎಂದು ಶಾಲೆಯವರು ಮುಖಕ್ಕೇ ಹೇಳಿದ್ದರು. ಅಣ್ಣನಿಗೂ ಇವರು ಬೇಕಾಗಿರಲಿಲ್ಲ. ಇವರು ಹೊಡೆದ ಸಾಲು ಹೊಲದ ಆ ತುದಿಗೆ ಹೋಗುವ ಬದಲು ಬಾಗಿ ಬಾಗಿ ಹೊರಟ ಕಡೆಗೇ ತಿರುಗಿ ಬರುತ್ತಿತ್ತು ಎಂದು ಊರಲ್ಲಿ ಹೇಳುತ್ತಿದ್ದರು. ಹೀಗೆ ಮೊದಲು ಹೇಳಿದವನು ನಾನು.

ಈಗಿನ ಪುಸ್ತಕಗಳಲ್ಲಿ ದೀರ್ಘವೃತ್ತ ಎಂದು ಬರೆಯುತ್ತಾರಲ್ಲ, ಅದನ್ನು ಅವರು ಒರಗಿದ ಬಳೆ ಎನ್ನುತ್ತಿದ್ದರು. ಹೆಂಡತಿಯ ಗಾಜಿನ ಬಳೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ನಮ್ಮ ಮುಖದ ಮುಂದೆ ತರುವರು. ನೇರ ಹಿಡಿದರೆ ತುಂಬು ಉರುಟು. ಮೆಲ್ಲಗೆ ಒರಗಿಸಿದರೆ ತೆಳುವಾಗುತ್ತಾ ಹೋಗಿ ಕೊನೆಗೆ ಒಂದು ಕಡ್ಡಿ. ಬಳೆ ಅದೇ, ಬೇರೆಯಾದದ್ದು ನಿನ್ನ ಕಣ್ಣು ನಿಂತ ಜಾಗ ಎನ್ನುವರು. ಅಷ್ಟು ಹೇಳುವಷ್ಟರಲ್ಲಿ ಬಳೆ ಕೈಜಾರಿ ಒಡೆದೀತೆಂದು ಬೆವರಿ ಅದನ್ನು ಒಳಗೆ ಕೊಟ್ಟು ಬರುವರು. ಅವರಿಗೆ ಬಳೆ ವಾತಿಯಾರು ಎಂದು ಹೆಸರಿಟ್ಟವನೂ ನಾನೇ. ವಾತಿಯಾರು ಎಂದರೆ ನಮ್ಮ ಕಡೆ ಮೇಷ್ಟ್ರು. ಹೆಸರಿಟ್ಟು ಸುಮ್ಮನಿರಲಿಲ್ಲ. ಮೇಷ್ಟ್ರ ಜಗಲಿಗೆ ಹೊಸ ಬಳೆಗಾರ ಬಂದಿದ್ದಾನೆಂದು ಕೆಳಗಿನ ಬೀದಿಯ ಹೆಂಗಸರಿಗೆ ಹೇಳಿಬಿಟ್ಟೆ. ಅವರೆಲ್ಲ ಕೈ ಚಾಚಿಕೊಂಡು ಬಂದು ಕೂತರು. ಮೇಷ್ಟ್ರು ಗೋಡೆಗೆ ಒತ್ತಿಕೊಂಡು ನಿಂತರು. ಆಮೇಲೆ ಏನಾಯಿತೋ, ಕೈ ಇಳಿಸಬೇಡಿ ತಾಯಿ, ಹಾಗೇ ಇರಲಿ ಎಂದರು. ನಮ್ಮ ಕಡೆ ತಿರುಗಿ, ಆ ಕೈಗಳ ಮೇಲೆ ಬಳೆ ಹೇಗೆ ಹೇಗೆ ಒರಗಿದೆ ನೋಡಿ, ತೋಳು ಯಾವ ಕಡೆ ಹೋಗುತ್ತದೋ ಬಳೆಯ ಉದ್ದ ಅದಕ್ಕೆ ಅಡ್ಡವಾಗಿ ಹೋಗುತ್ತದೆ, ಬರೆಯಿರಿ ಎಂದರು. ಅವರು ಕಲಿಸಿದ ಪಾಠಗಳಲ್ಲೆಲ್ಲ ಅದೇ ಅತ್ಯುತ್ತಮ ಪಾಠ. ಅದನ್ನು ಏರ್ಪಡಿಸಿದ್ದು ಯಾರೆಂದು ನಾನು ಮತ್ತೆ ಹೇಳಬೇಕಾಗಿಲ್ಲ.

ಕಾಗದಕ್ಕೆ ಪೆನ್ಸಿಲ್ ತಾಗಿಸುವ ಮುಂಚೆ ಅವರು ಗಾಳಿಯಲ್ಲಿ ಬರೆಯುತ್ತಿದ್ದರು. ಮಣಿಕಟ್ಟು ಅಲುಗಬಾರದು, ಭುಜದಿಂದ ಇಡೀ ತೋಳು ಸುತ್ತಬೇಕು. ಸುತ್ತುವುದು ಅಭ್ಯಾಸವಾದ ಮೇಲೆ, ಸುತ್ತುತ್ತಿರುವಾಗಲೇ ತುದಿಯನ್ನು ಮೆಲ್ಲಗೆ ಕಾಗದಕ್ಕೆ ಇಳಿಸಬೇಕು. ಹಾಗೆ ಮಾಡಿದಾಗ ಅವರ ಕೈ ನಡುಗುತ್ತಿರಲಿಲ್ಲ. ಯಾರಾದರೂ ನೋಡುತ್ತಿದ್ದಾರೆ ಎಂಬ ಅರಿವು ಬಂದರೆ ಮಾತ್ರ ಸುತ್ತು ನಿಂತು ಮಣಿಕಟ್ಟಿಗೆ ಇಳಿಯುತ್ತಿತ್ತು. ಆಗ ಗೆರೆ ತಿರುಗುವ ಎರಡು ಕೊನೆಗಳಲ್ಲೂ ಚೂಪು ಬಂದು ಬಳೆ ಹೋಗಿ ಮೀನಾಗುತ್ತಿತ್ತು. ಎರಡು ಸಲ ಅವರನ್ನು ಮುಳುಗಿಸಿದ್ದು ಆ ಚೂಪೇ. ಕೈ ಬಾರದವರಿಗೆ ಅವರು ಕಣದಲ್ಲಿ ಸುತ್ತುವ ಎತ್ತನ್ನು ತೋರಿಸುತ್ತಿದ್ದರು. ಎತ್ತು ಎಲ್ಲಿ ತಿರುಗಿತು ಹೇಳು, ಹೇಳಲಾರೆ ಅಲ್ಲವೇ, ಹಾಗೆ ತಿರುಗಬೇಕು ಗೆರೆ. ಪರೀಕ್ಷೆ ಹತ್ತಿರ ಬಂದಂತೆ ಬೀದಿಯಲ್ಲಿ ನಡೆಯುವಾಗಲೂ ಅವರ ಬಲತೋಳು ಸುತ್ತತೊಡಗಿತು. ಕಂಡವರು, ಏನ್ ವಾತಿಯಾರೇ, ನೊಣ ಹೊಡೀತೀರಾ ಎಂದು ಕೇಳುವರು. ಇವರು ಹೂಂ ಎಂದು ತಲೆತಗ್ಗಿಸಿ ಹೋಗುವರು.

ಒಂದು ಬೆಳಿಗ್ಗೆ ನಮ್ಮನ್ನು ಕುಮುಳಿಯ ಘಟ್ಟದ ದಾರಿ ಹತ್ತಿಸಿದರು. ಒಂದು ತಿರುವಿನಲ್ಲಿ ನಿಲ್ಲಿಸಿ ಕೆಳಗಿನ ಕಣ ನೋಡಿ ಎಂದರು. ಕಣ ಒಂದು ತೆಳು ಗೀಟಿನಂತೆ ಕಂಡಿತು. ಇನ್ನೆರಡು ತಿರುವು ಹತ್ತಿದಾಗ ಬಾಯಿ ಬಿಟ್ಟ ಹಾಗಿತ್ತು. ಮೇಲಕ್ಕೆ ಹೋದಂತೆ ಹೋದಂತೆ ಅಗಲವಾಗಿ, ಕೊನೆಗೆ ಹತ್ತಿರ ಹತ್ತಿರ ತಟ್ಟೆಯೇ ಆಯಿತು. ಕಣ ಅಗಲವಾಗಲಿಲ್ಲ, ನೀನು ಮೇಲೆ ಬಂದೆ ಎಂದರು. ಇದನ್ನು ಹೇಳುವಾಗ ಅವರು ಒಂದು ಮರವನ್ನು ತಬ್ಬಿಕೊಂಡಿದ್ದರು. ಕೆಳಗೆ ನೋಡಿದರೆ ತಲೆ ಸುತ್ತುತ್ತಿತ್ತು, ಮೇಲಿನಿಂದ ಗಾಡಿ ಬಂದೀತೆಂಬ ಹೆದರಿಕೆ ಬೇರೆ. ನಾನು ಹಿಂದಿನಿಂದ ಆನೆಯಂತೆ ಒಂದು ಸಲ ಉಸಿರುಬಿಟ್ಟೆ. ಆಮೇಲೆ ಅವರನ್ನು ಮರದಿಂದ ಬಿಡಿಸಲು ನಾವೆಲ್ಲ ಸೇರಬೇಕಾಯಿತು.

ಸಂಜೆಯ ಅಭ್ಯಾಸ ಅವರ ಮನೆಯ ಜಗಲಿಯಲ್ಲಿ. ಪರೀಕ್ಷೆಗೆ ಹೆಚ್ಚಾಗಿ ಇಡುವುದು ಕೊಡ. ಬಾಯಿಯೊಂದು ಬಳೆ, ಕತ್ತೊಂದು ಬಳೆ, ಹೊಟ್ಟೆಯೊಂದು ಬಳೆ, ಎಲ್ಲವನ್ನೂ ಒಂದು ನಡುಗೆರೆಗೆ ಪೋಣಿಸಿದರೆ ಕೊಡ. ಆ ಮನೆಯಲ್ಲಿ ಒಂದು ತೊಡಕಿತ್ತು. ಮೇಷ್ಟ್ರ ಹೆಂಡತಿ ತುಂಬು ಬಸುರಿ. ಮೊದಲ ಎರಡು ಕೂಸುಗಳು ಉಳಿದಿರಲಿಲ್ಲ. ನಮ್ಮ ಜನದಲ್ಲಿ ಬಸುರಿ ಇರುವ ಮನೆಯಲ್ಲಿ ಬರಿ ಕೊಡ ಇಡುವುದಿಲ್ಲ, ಒಂದು ಚೊಂಬಾದರೂ ನೀರು ಇರಲೇಬೇಕು. ಅದರಲ್ಲೂ ಬರಿ ಕೊಡದ ಬಾಯೊಳಗೆ ಆ ಮನೆಯ ಗಂಡಸು ಇಣುಕಬಾರದು, ಇಣುಕಿದರೆ ಕೂಸಿಗೆ ಕೇಡು. ಮೇಷ್ಟ್ರು ಮಣೆಯ ಮೇಲೆ ಕೊಡ ಇಟ್ಟು ತಿರುಗುವಷ್ಟರಲ್ಲಿ ಅವರ ತಾಯಿ, ನಮಗೆಲ್ಲ ದೊಡ್ಡವ್ವ, ಚೊಂಬು ಹಿಡಿದು ಬಂದು ಕಂಠದವರೆಗೆ ತುಂಬಿಬಿಡುವಳು.

"ಇದು ಪಾಟ ಕಣವ್ವಾ," ಎನ್ನುವರು ಇವರು.

"ಪಾಟಕ್ಕೆ ನೀರು ಬ್ಯಾಡ ಅಂತ ಯಾರೇಳುದ್ರು? ಒಳಗೆ ಬಸುರಿ ಅವ್ಳೆ."

ನಿಜ ಹೇಳಬೇಕೆಂದರೆ ದೊಡ್ಡವ್ವ ಬರುವುದು ತಡವಾದರೆ ಇವರೇ ಒಳಬಾಗಿಲ ಕಡೆ ನೋಡುತ್ತಿದ್ದರು. ಕಂಡದ್ದನ್ನು ಬರೆ, ಗೊತ್ತಿರುವುದನ್ನು ಬರೆಯಬೇಡ ಎಂದು ನಮಗೆ ದಿನವೂ ಹೇಳುವ ಮನುಷ್ಯ ಬರಿ ಕೊಡದ ಒಳಗೆ ನೋಡಲಾರದೆ ಕಣ್ಣು ಪಕ್ಕಕ್ಕೆ ಸರಿಸುತ್ತಿದ್ದರು. ಹೀಗೆ ನಾವೆಲ್ಲ ತುಂಬಿದ ಕೊಡವನ್ನೇ ಕಲಿತೆವು. ಬಾಯಿಯ ಬಳೆ ಒಂದು, ಅದರೊಳಗೆ ನೀರಿನ ಬಳೆ ಒಂದು. ನೀರು ಬಾಯಿಗಿಂತ ಕೆಳಗಿರುವುದರಿಂದ ಅದರ ಬಳೆ ಒಂದು ಕೂದಲೆಳೆ ಹೆಚ್ಚು ಉರುಟು. ಅದರ ಮುಂದಿನ ಅರ್ಧ ಕೊಡದ ತುಟಿಯ ಹಿಂದೆ ಅಡಗಿರುತ್ತದೆ. ಆದರೂ ಅದನ್ನು ತೇಲಿಸಿ ಪೂರ್ತಿ ಬರೆಯಬೇಕು, ಆಮೇಲೆ ಕಾಣದಷ್ಟನ್ನು ರಬ್ಬರಿನಿಂದ ಅಳಿಸಬೇಕು. ಕಾಣದ ಕಡೆಯನ್ನು ಬರೆಯದವನಿಗೆ ಕಾಣುವ ಕಡೆ ಕೂಡುವುದಿಲ್ಲ ಎನ್ನುವರು. ತಿದ್ದಿದ ಕೊಡ ಅಂದವಾಗಿ ಬಂದರೂ ಅವರಿಗೆ ಸಮಾಧಾನವಿಲ್ಲ. ದಿಂಡಿಗಲ್ಲಿನಲ್ಲಿ ಬರಿ ಕೊಡ ಇಟ್ಟರೆ ಏನು ಗತಿ ತಂಬಿ ಎಂದು, ತಮ್ಮನನ್ನು ಕರೆಯುವ ಹಾಗೆ, ನನ್ನ ಕಿವಿಯಲ್ಲಿ ಕೇಳುವರು. ಇಡುವುದೇ ಬರಿ ಕೊಡ ಅಣ್ಣ, ಸರ್ಕಾರದವರಿಗೆ ನೀರು ಹೊರುವವರು ಯಾರಿದ್ದಾರೆ ಎಂದು ನಾನು ಹೇಳುತ್ತಿದ್ದೆ. ಗೇಲಿ ಮಾಡಲು ಹೇಳಿದ್ದು. ಅದೇ ನಿಜವಾಯಿತು.

ನಾನೂ ಮೇಷ್ಟ್ರೂ ಪರೀಕ್ಷೆಗೆ ಹೊರಟ ದಿನ ಅವರ ಹೆಂಡತಿಗೆ ದಿನ ತುಂಬಿತ್ತು. ದೊಡ್ಡವ್ವ ಹೊಸ್ತಿಲ ಹೊರಗೆ ತುಂಬಿದ ಕೊಡ ಇಟ್ಟು, ಅದನ್ನು ನೋಡಿಕೊಂಡು ಹೋಗು ಎಂದಳು. ಇವರು ನೋಡಿದರು, ಗಾಡಿ ಹತ್ತಿದರು, ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಇಳಿದು ಹೋಗಿ ಮತ್ತೆ ನೋಡಿ ಬಂದರು. ಕಂಬಂ ದಾಟಿ, ತೇನಿ ದಾಟಿ, ದಿಂಡಿಗಲ್ಲಿನ ಬಂಡೆ ಕಾಣಿಸುವವರೆಗೂ ಅವರ ತೋಳು ಗಾಡಿಯೊಳಗೆ ಸುತ್ತುತ್ತಲೇ ಇತ್ತು. ನನ್ನ ಪೇಟ ಎರಡು ಸಲ ಕೆಳಗೆ ಬಿತ್ತು.

ನನ್ನ ದರ್ಜೆಗೂ ಅವರ ದರ್ಜೆಗೂ ಪರೀಕ್ಷೆ ಒಂದೇ ಕೋಣೆಯಲ್ಲಿ. ಕೋಣೆಯ ನಡುವೆ ಒಂದು ಪೆಟ್ಟಿಗೆ. ಅದರ ಮೇಲೆ ಹಿತ್ತಾಳೆಯ ಕೊಡ, ಬೆಳಗಿ ಒರೆಸಿ ಒಣಗಿಸಿದ್ದು. ಕಣ್ಣಿಗಿಂತ ಕೆಳಗೆ ಇಟ್ಟಿದ್ದರಿಂದ ಬಾಯೊಳಗಿನ ಕತ್ತಲು ಚೆನ್ನಾಗಿ ಕಾಣುತ್ತಿತ್ತು. ಮೇಷ್ಟ್ರ ಬೆಂಚು ಮುಂದೆ, ನನ್ನದು ಅವರ ಓರೆಗೆ ಹಿಂದೆ. ಬರೆಯಿರಿ ಎಂದು ಹೇಳಿದ ಮೇಲೂ ಅವರು ಕೊಡದ ಕಡೆ ಕಣ್ಣೆತ್ತಲಿಲ್ಲ. ಎಲ್ಲರ ಪೆನ್ಸಿಲುಗಳೂ ಓಡುತ್ತಿದ್ದವು. ನನ್ನ ಕೊಡ ಸೊಗಸಾಗಿ ಏಳುತ್ತಿತ್ತು. ಆ ಕೋಣೆಯಲ್ಲೇ ಅಂಥ ಕೊಡ ಇನ್ನೊಂದಿರಲಿಲ್ಲ, ಅದು ಬೇರೆ ಮಾತು. ಅವರ ಕಾಗದ ಮಾತ್ರ ಬೆಳ್ಳಗೇ ಇತ್ತು. ಮೇಲ್ವಿಚಾರಕರು ಹತ್ತಿರ ಬಂದು, ಮೈ ಸರಿಯಿಲ್ಲವೇ ಎಂದು ತಮಿಳಿನಲ್ಲಿ ಕೇಳಿದರು. ಇವರು ತಲೆಯಾಡಿಸಿದರು. ಹೌದೆಂದೋ ಇಲ್ಲವೆಂದೋ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಆಮೇಲೆ ಅವರು ಒಂದೇ ಒಂದು ಸಲ ಕೊಡದೊಳಗೆ ಇಣುಕಿದರು. ಬಾವಿಗೆ ಬಿದ್ದ ಮಗುವನ್ನು ಹುಡುಕುವವರು ಹಾಗೆ ಇಣುಕುತ್ತಾರೆ. ಕೂಡಲೇ ಭುಜ ಸುತ್ತತೊಡಗಿತು. ತುದಿ ಕಾಗದಕ್ಕೆ ಇಳಿಯಿತು. ಬಾಯಿ, ಕತ್ತು, ಹೊಟ್ಟೆ, ತಳ, ಎಲ್ಲೂ ಚೂಪಿಲ್ಲ. ಅದಾದ ಮೇಲೆ ಬಾಯಿಯ ಬಳೆಯೊಳಗೆ, ಉಸಿರು ತಾಗಿದರೆ ಹಾರುವಷ್ಟು ತೆಳುವಾಗಿ, ಅವರು ಇನ್ನೊಂದು ಬಳೆ ಬರೆದರು. ನೀರು. ಕೊಡದಲ್ಲಿ ಇಲ್ಲದ ನೀರು. ನನ್ನ ಪೆನ್ಸಿಲ್ ನಿಂತುಹೋಯಿತು. ಇಲ್ಲದ್ದನ್ನು ಬರೆದವನು ಫೇಲು ಎಂದು ನಮಗೆ ನೂರು ಸಲ ಹೇಳಿದ ಬಾಯಿ ಅವರದೇ. ಅವರು ರಬ್ಬರು ಎತ್ತಿಕೊಂಡರು. ಇಟ್ಟರು. ಮತ್ತೆ ಎತ್ತಿಕೊಂಡರು. ಅವರ ಬೆನ್ನು ಅಡ್ಡವಾಯಿತು, ಗಂಟೆ ಹೊಡೆಯಿತು, ಕಾಗದಗಳನ್ನು ಎತ್ತಿಕೊಂಡು ಹೋದರು.

ಹಿಂದಿರುಗುವ ದಾರಿಯನ್ನು ನಾನು ಯಾವ ಜನ್ಮದಲ್ಲೂ ಮರೆಯಲಾರೆ. ದಿಂಡಿಗಲ್ಲಿನ ಬಂಡೆ ಮರೆಯಾಗುವ ಮುಂಚೆಯೇ ಶುರುವಾಯಿತು.

"ತಂಬಿ, ಅಳಿಸಿದ್ನಾ ಇಲ್ವಾ? ನೀನ್ ಹಿಂದೇನೇ ಕುಂತಿದ್ದೆಯಲ್ಲ."

ಅವರಿಗೆ ನೆನಪಿರಲಿಲ್ಲ. ಕೈಯಲ್ಲಿ ರಬ್ಬರು ಇದ್ದದ್ದು ನೆನಪಿತ್ತು, ಅದು ಕಾಗದಕ್ಕೆ ತಾಗಿತೋ ಇಲ್ಲವೋ ನೆನಪಿಲ್ಲ. ನೀರು ಉಳಿದಿದ್ದರೆ ಪರೀಕ್ಷೆ ಹೋಯಿತು. ಕೆಲಸ ಹೋಯಿತು, ಅಣ್ಣನ ಮುಂದೆ ಕೈಕಟ್ಟಿ ನಿಲ್ಲಬೇಕು. ನೀರನ್ನು ಅಳಿಸಿದ್ದರೆ, ದಿನ ತುಂಬಿದ ಹೆಂಡತಿಯನ್ನು ಮನೆಯಲ್ಲಿಟ್ಟು ತನ್ನ ಕೈಯಾರೆ ಕೊಡ ಬರಿದು ಮಾಡಿ ಬಂದ ಹಾಗಾಯಿತು. ನಾನು ಸುಳ್ಳು ಹೇಳುವುದರಲ್ಲಿ ಊರಿಗೇ ಹೆಸರಾದವನು. ಆ ಪ್ರತಿಭೆಯನ್ನು ಅಂದು ಪೂರ್ತಿ ಸುರಿದೆ. ಶಾಲೆಯ ಚಿಂತೆ ಹತ್ತಿದಾಗ, ನೀನು ಅಳಿಸಿದೆ ಅಣ್ಣ, ಕಾಗದ ಕನ್ನಡಿಯ ಹಾಗಿತ್ತು ಎಂದೆ. ಒಂದು ಗಳಿಗೆ ಅವರ ಮುಖ ಅರಳಿತು, ಮರುಗಳಿಗೆ ಮನೆ ನೆನಪಾಗಿ ಬಾಡಿತು. ವತ್ತಲಗುಂಡಿನ ಹತ್ತಿರ, ಇಲ್ಲ ಅಣ್ಣ, ನೀರು ಹಾಗೇ ಇತ್ತು, ನಾನೇ ಕಂಡೆ ಎಂದೆ. ಮತ್ತೆ ಅರಳಿತು, ಮತ್ತೆ ಬಾಡಿತು. ತೇನಿ ಬರುವ ಹೊತ್ತಿಗೆ ಗಾಡಿ ಹೊಡೆಯುವವನು ತಾಳಲಾರದೆ, ಯಾವುದಾದ್ರೂ ಒಂದು ಶೊಲ್ಲಪ್ಪ, ಒಂದೇ ಹೇಳು, ಎತ್ತುಗಳಿಗೇ ಕಿರುಕುಳ ಆಗ್ತದೆ ಎಂದು ನನ್ನನ್ನು ಬೈದ.

ಗೂಡಲೂರಿನ ಮೊದಲ ಮನೆಗಳು ಕಂಡಾಗ ಅವರು ಗಾಡಿ ನಿಲ್ಲಿಸಿದರು. ನೀನು ಮುಂದೆ ಹೋಗಿ ನೋಡಿ ಬಾ ಎಂದರು. ನಾನು ಹೋದೆ. ದೊಡ್ಡವ್ವ ಹೊಸ್ತಿಲಲ್ಲಿ ನಿಂತಿದ್ದಳು, ಒಳಗಿನಿಂದ ಕೂಸಿನ ದನಿ ಬೀದಿಗೆ ಕೇಳುತ್ತಿತ್ತು. ಒಂದೇ ಉಸಿರಿಗೆ ಓಡಿ ಬಂದೆ. ನಾನು ಓಡಿ ಬರುವುದನ್ನು ಕಂಡು ಮೇಷ್ಟ್ರು ರಸ್ತೆಯ ಧೂಳಿನಲ್ಲೇ ಕುಸಿದು ಕೂತರು. ನನಗೆ ಏದುಸಿರು, ಮಾತು ಹೊರಡುತ್ತಿಲ್ಲ.

"ಹೆಣ್ಣು," ಎಂದೆ ಕೊನೆಗೆ.

"ಉಸುರಾಡ್ತದಾ?"

"ಊರಿಗೆಲ್ಲ ಕೇಳಂಗೆ ಅಳ್ತದೆ. ಅತ್ತಿಗೇನೂ ಚೆನ್ನಾಗವ್ಳೆ."

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ಕೈ ತೆಗೆದರು. ಕಣ್ಣು ಒದ್ದೆ, ಹುಬ್ಬು ಮಾತ್ರ ಆಗಲೇ ಗಂಟಿಕ್ಕಿತ್ತು.

"ಹಂಗಾದ್ರೆ ನೀರು ಅಳಿಸಿಲ್ಲ ತಂಬಿ," ಎಂದರು. "ನಾನು ಪೇಲು."

ಫಲಿತಾಂಶ ಬರುವವರೆಗೂ ಆ ಮನುಷ್ಯ ಮಗುವನ್ನು ತೋಳಲ್ಲಿ ಎತ್ತಿಕೊಂಡೇ ನೇಗಿಲಿನ ಕನಸು ಕಾಣುತ್ತಿದ್ದರು. ನಾನು ಪಾಸಾದೆ, ಅದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಅವರೂ ಪಾಸಾದರು. ಶಾಲೆಯ ಅಂಗಳದಲ್ಲಿ ಸುದ್ದಿ ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. ಪಂಚೆ ಎತ್ತಿಕಟ್ಟಿ ಮನೆಗೆ ಓಡಿದರು. ಸಂತೋಷದ ಸುದ್ದಿ ಹೇಳಲು ಓಡಿದರೆಂದು ಎಲ್ಲರೂ ಅಂದುಕೊಂಡರು. ನಾನು ಹಿಂದೆಯೇ ಹೋಗಿ ನೋಡಿದೆ. ತೊಟ್ಟಿಲ ಮೇಲೆ ಬಾಗಿ, ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ನಿಂತಿದ್ದರು. ಪಾಸಾಗಿದ್ದೇನೆಂದರೆ ನೀರು ಅಳಿಸಿದ್ದೇನೆ ಎಂಬುದು ಅವರ ಲೆಕ್ಕ.

ಅಲ್ಲಿಂದ ಮುಂದೆ ಆ ಕೆಲಸ ಅವರ ಕೈಬಿಡಲಿಲ್ಲ, ಆ ಲೆಕ್ಕವೂ ಕೈಬಿಡಲಿಲ್ಲ. ನಾನು ಘಟ್ಟದ ಮೇಲಿನ ಆಫೀಸಿಗೆ ಸೇರಿ, ಅಲ್ಲಿಂದ ಬೇರೆ ಬೇರೆ ಊರು ಸುತ್ತಿ ಬಂದೆ. ರಜದಲ್ಲಿ ಊರಿಗೆ ಬಂದಾಗಲೆಲ್ಲ ಮಗುವಿಗೆ ಶೀತ ಎಂದರೆ ಅಳಿಸಿದ್ದೆನೇ ಎಂದು ಕೇಳುವರು. ಶಾಲೆಗೆ ಮೇಲಧಿಕಾರಿ ಬರುತ್ತಾರೆಂದರೆ ಅಳಿಸಿರಲಿಲ್ಲವೇ ಎಂದು ಕೇಳುವರು. ಮಗಳ ಮದುವೆಯ ಚಪ್ಪರದ ಕೆಳಗೂ ಕೇಳಿದರು. ಅವಳ ಮೊದಲ ಹೆರಿಗೆಯ ದಿನವಂತೂ ನನ್ನನ್ನು ಬೋಡಿನಾಯಕನೂರಿನಿಂದ ಆಳು ಕಳಿಸಿ ಕರೆಸಿ ಕೇಳಿದರು. ನಾನು ಅವರಿಗೆ ಬೇಕಾದ ಸುಳ್ಳನ್ನು ಬೇಕಾದ ಹೊತ್ತಿಗೆ ಕೊಡುತ್ತಾ ಬಂದೆ. ಅಷ್ಟು ನಂಬಿಗಸ್ತ ಸುಳ್ಳುಗಾರ ಅವರಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ತರಗತಿಯಲ್ಲಿ ಮಾತ್ರ ಅವರು ಒಂದು ಪದ್ಧತಿ ಇಟ್ಟುಬಿಟ್ಟರು. ಕೊಡ ಬರಿದಾಗಿದ್ದರೂ ಮೊದಲು ನೀರು ಬರೆಯಿರಿ, ಆಮೇಲೆ ಅಳಿಸಿ. ಇವತ್ತಿಗೂ ನಮ್ಮ ಕಣಿವೆಯಲ್ಲಿ ಯಾರಾದರೂ ಬರೆದ ಕೊಡವನ್ನು ಬೆಳಕಿಗೆ ಹಿಡಿದರೆ ಅವರ ಶಿಷ್ಯರೋ ಅಲ್ಲವೋ ನಾನು ಹೇಳಬಲ್ಲೆ.

ಕೊನೆಯ ಸಲ ನೋಡಲು ಹೋದಾಗ ಅವರು ಮಂಚ ಹಿಡಿದಿದ್ದರು. ಮಗಳು, ಈಗ ಅವಳಿಗೂ ತಲೆ ನರೆತಿದೆ, ಬಾಯಿಗೆ ಗಂಜಿ ಹಾಕುತ್ತಿದ್ದಳು. ಅವಳು ಒಳಗೆ ಹೋಗುವವರೆಗೂ ಕಾದು ನನ್ನ ಕೈ ಹಿಡಿದರು.

"ಇನ್ನೇನು ಹೊರಟೆ ತಂಬಿ. ಈಗ್ಲಾದ್ರೂ ನಿಜ ಹೇಳು. ಅಳಿಸಿದ್ನಾ?"

ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ಆದರೆ ಈ ಸಲ ಯಾವುದನ್ನು ಹೇಳಬೇಕೆಂದು ಹೊಳೆಯಲಿಲ್ಲ. ಮಗಳು ಕಣ್ಣ ಮುಂದೆ ಇದ್ದಾಳೆ, ಕೆಲಸ ಮುಗಿದು ಎಷ್ಟೋ ಕಾಲವಾಗಿದೆ. ಗಂಟೆ ಹೊಡೆದಾಗ ಅವರ ಬೆನ್ನು ಸರಿದಿತ್ತು, ಕಾಗದ ಎತ್ತುವ ಮುಂಚೆ ಒಂದು ರೆಪ್ಪೆ ಹೊಡೆಯುವಷ್ಟು ಕಾಲ ಅದು ನನಗೆ ಕಂಡಿತ್ತು. ಕಂಡದ್ದನ್ನೇ ಹೇಳಿದೆ.

"ನೀನು ಅರ್ಧ ಅಳಿಸಿದ್ದೆ ಅಣ್ಣ. ಅರ್ಧ ಹಂಗೇ ಇತ್ತು."

ಅವರು ಕಣ್ಣು ಮುಚ್ಚಿದರು. ಎದೆ ಮೆಲ್ಲಗೆ ಏರಿ ಇಳಿಯಿತು. ಇಷ್ಟು ವರ್ಷಗಳ ಮೇಲೆ ನನ್ನಿಂದ ಒಂದು ನೆಮ್ಮದಿ ಸಿಕ್ಕಿತಲ್ಲ ಎಂದು ನಾನು ಒಳಗೇ ಬೀಗತೊಡಗಿದ್ದೆ. ಅಷ್ಟರಲ್ಲಿ ಒಂದು ಕಣ್ಣು ತೆರೆದರು.

"ಯಾವ ಅರ್ಧ?"

ನಾನು ಒಳಗಿದ್ದ ಮಗಳನ್ನು ಕೂಗಿ ಕರೆದೆ.

ಸುಡುಗಾಡಿನಲ್ಲಿ ಮೊಮ್ಮಗ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಸುತ್ತು ಬಂದ. ಸುತ್ತಿಗೊಂದು ತೂತು ಕೊರೆಯುತ್ತಾರೆ, ನೀರು ಸುರಿಯುತ್ತಾ ಹೋಗುತ್ತದೆ. ನನಗೆ ಮಂಡಿ ನೋವೆಂದು ಮೇಲಿನ ದಿಣ್ಣೆಯಲ್ಲಿ ನಿಲ್ಲಿಸಿದ್ದರು. ಅಲ್ಲಿಂದ ಮಡಕೆಯ ಬಾಯಿ ಕಾಣುತ್ತಿತ್ತು, ಬಾಯೊಳಗೆ ನೀರೂ ಕಾಣುತ್ತಿತ್ತು. ನೀರು ಇಳಿದ ಹಾಗೆಲ್ಲ ಅದರ ಬಳೆ ಉರುಟಾಗುತ್ತಾ ಹೋಯಿತು, ಅವರು ಹೇಳಿದ ಹಾಗೆಯೇ. ಇನ್ನೇನು ಬರಿದಾಗುತ್ತದೆ ಎನ್ನುವಾಗ ನಾನು ಕಣ್ಣು ಪಕ್ಕಕ್ಕೆ ಸರಿಸಿದೆ. ಮಡಕೆ ಒಡೆದ ಸದ್ದು ಕೇಳಿತು. ಪಕ್ಕದಲ್ಲಿ ನಿಂತಿದ್ದವನೊಬ್ಬ ನನ್ನ ಬಲತೋಳನ್ನೇ ನೋಡುತ್ತಿದ್ದ.

"ಏನ್ ತಾತ, ನೊಣ ಹೊಡೀತೀಯಾ?" ಎಂದ.

ಹೂಂ ಎಂದೆ.